ಹಿತ್ತಾಳೆ ವಾದ್ಯಕ್ಕೆ ಇಕ್ಕಳ ಹಾಕುವ ಮುನ್ನ

ನಮ್ಮ ಊರುಗಳ ಬ್ಯಾಂಡ್‌ಸೆಟ್‌ನವರ ಹಳೆಯ ಟ್ರಂಪೆಟ್ಟೊಂದನ್ನು ಕೈಗೆತ್ತಿಕೊಂಡು ನೋಡಿ. ಮೌತ್‌ಪೀಸ್ ಕೂರುವ ಕೊಳವೆಯ ಬಾಯಲ್ಲಿ ಇಕ್ಕಳದ ಹಲ್ಲು ಕಚ್ಚಿದ ಗೀರು, ಟ್ಯೂನಿಂಗ್ ಸ್ಲೈಡಿನ ಬಾಗಿನಲ್ಲಿ ಸುತ್ತಿಗೆ ಬಿದ್ದ ತಗ್ಗು, ಬಿಟ್ಟುಹೋದ ಕಡೆ ಮತ್ತೆ ಮೆತ್ತಿದ ಬೆಸುಗೆಯ ಗಂಟು. ಮದುವೆ ಮೆರವಣಿಗೆಯಲ್ಲೋ ಮಂಗಳೂರು ಕಡೆಯ ಇಗರ್ಜಿ ಹಬ್ಬದಲ್ಲೋ ದಶಕಗಟ್ಟಲೆ ದುಡಿದರೂ ನುಡಿಸಿದ ಮಾತ್ರಕ್ಕೆ ಇಂಥ ಗಾಯಗಳಾಗುವುದಿಲ್ಲ. ಸಿಕ್ಕಿಕೊಂಡ ಭಾಗವನ್ನು ಬಿಡಿಸಲು ಹೋದಾಗ ಆದವು ಇವು. ಈ ಕೆಲಸದಲ್ಲಿ ನಾವು ಅನುಸರಿಸುತ್ತಿರುವ ರೂಢಿಗಳಲ್ಲಿ ಹೆಚ್ಚಿನವು ವಾದ್ಯದ ಆಯಸ್ಸು ಕಡಿಮೆ ಮಾಡುವಂಥವು.

ವಾದ್ಯದ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ 70 ಭಾಗ ತಾಮ್ರ, 30 ಭಾಗ ಸತು. ಊದುವವರ ಉಸಿರಿನ ತೇವ ಒಳಕೊಳವೆ ಹೊರಕೊಳವೆಗಳ ನಡುವಿನ ಸಂದಿಗೆ ಇಳಿದು ಕಿಲುಬು ಕಟ್ಟುತ್ತದೆ. ಹಳೆಯ ಗ್ರೀಸು ಒಣಗಿ ಅಂಟಾಗುತ್ತದೆ. ವಾಲ್ವಿಗೆ ಕೊಬ್ಬರಿ ಎಣ್ಣೆ ಬಿಡುವವರೂ ಇದ್ದಾರೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ, ಚಳಿಗಾಲದ ಬೆಳಗಿನಲ್ಲಿ ಪಿಸ್ಟನ್ ಮೇಲೇಳದಿದ್ದರೆ ಆಶ್ಚರ್ಯವಿಲ್ಲ.

ಮೌತ್‌ಪೀಸಿನ ಕಥೆ ಬೇರೆ. ಅದರ ತುದಿ ಸುಮಾರು 20ಕ್ಕೆ 1ರಂತೆ ಸಣ್ಣಗಾಗುತ್ತ ಹೋಗುತ್ತದೆ. ಇಷ್ಟು ಕಡಿಮೆ ಇಳಿಜಾರಿನ ತುದಿ ಒಮ್ಮೆ ಬಿಗಿದರೆ ತನ್ನಷ್ಟಕ್ಕೆ ಸಡಿಲವಾಗದು. ವಾದ್ಯ ಕೈಜಾರಿ ಬಿದ್ದರೆ, ಯಾರೋ ಅಂಗೈಯಿಂದ ಗುದ್ದಿ ಕೂರಿಸಿದರೆ, ಅಲ್ಲಿಗೆ ಮುಗಿಯಿತು. ಆಗ ಇಕ್ಕಳ ಹಾಕಿ ತಿರುಗಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ತಿರುಚುವ ಬಲವೆಲ್ಲ ಮೌತ್‌ಪೀಸಿನಿಂದ ಹಿಂದಿನ ತೆಳು ಕೊಳವೆಗೆ ಹೋಗುತ್ತದೆ. ಅದರ ಗೋಡೆಯ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಮೌತ್‌ಪೀಸ್ ಜಗ್ಗುವ ಮೊದಲೇ ಕೊಳವೆ ತಿರುಚಿ, ಅದನ್ನು ಹಿಡಿದಿರುವ ಅಡ್ಡಕಡ್ಡಿಯ ಬೆಸುಗೆ ಬಿಟ್ಟಿರುತ್ತದೆ. ಮೌತ್‌ಪೀಸ್ ಪುಲ್ಲರ್ ಎಂಬ ಪುಟ್ಟ ಸಾಧನ ಇದಕ್ಕೆಂದೇ ಇದೆ. ಕೊಳವೆಯ ಅಂಚಿಗೆ ಒಂದು ಹಿಡಿ, ಮೌತ್‌ಪೀಸಿನ ಬುಡಕ್ಕೆ ಇನ್ನೊಂದು, ನಡುವೆ ಸ್ಕ್ರೂಗಳು. ಅವನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಮೌತ್‌ಪೀಸ್ ನೇರವಾಗಿ ಈಚೆ ಬರುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಪುಲ್ಲರ್ ಸಿಗದ ಕಡೆ, ಮೌತ್‌ಪೀಸಿನೊಳಗೆ ಐಸ್ ಹಾಕಿ ಹೊರಕೊಳವೆಗೆ ಬಿಸಿನೀರಿನ ಬಟ್ಟೆ ಸುತ್ತುವ ಹಳೆಯ ಉಪಾಯವೂ ಲೆಕ್ಕಕ್ಕೆ ನಿಲ್ಲುತ್ತದೆ. 10 ಮಿಲಿಮೀಟರ್ ವ್ಯಾಸಕ್ಕೆ 40 ಡಿಗ್ರಿ ಅಂತರ ಸಿಕ್ಕಿದರೆ ಏರ್ಪಡುವ ಸಡಿಲ 0.01 ಮಿಲಿಮೀಟರಿಗೂ ಕಡಿಮೆ. ಆದರೆ ಇಳಿಜಾರು 20ಕ್ಕೆ 1 ಇರುವುದರಿಂದ ಅಷ್ಟೇ ಸಡಿಲ ಉದ್ದದಲ್ಲಿ ಇಪ್ಪತ್ತು ಪಟ್ಟಾಗುತ್ತದೆ.

ಸ್ಲೈಡಿನಲ್ಲಿ ಈ ಅನುಕೂಲವಿಲ್ಲ, ಅದರ ಕೊಳವೆಗಳು ಉದ್ದಕ್ಕೂ ಒಂದೇ ಅಳತೆಯವು. ಇಲ್ಲಿ ಗ್ಯಾಸ್ ಟಾರ್ಚಿಗೆ ಸಿಗುವ ಹೊಗಳಿಕೆ ಅತಿಯಾಯಿತು. 17 ಮಿಲಿಮೀಟರ್ ಕೊಳವೆಯನ್ನು 100 ಡಿಗ್ರಿ ಹೆಚ್ಚು ಕಾಯಿಸಿದರೆ ಅದು ಹಿಗ್ಗುವುದು ಸುಮಾರು 0.03 ಮಿಲಿಮೀಟರ್. ಅಷ್ಟರಲ್ಲಿ ತೆಳು ಗೋಡೆ ದಾಟಿ ಶಾಖ ಒಳಕೊಳವೆಗೂ ಹೋಗಿ ಅದೂ ಹಿಗ್ಗಿರುತ್ತದೆ. ಶಾಖದಿಂದ ನಿಜವಾಗಿ ಆಗುವ ಉಪಕಾರವೆಂದರೆ ಒಣಗಿದ ಗ್ರೀಸು ಮೆತ್ತಗಾಗಿ ಕಿಲುಬಿನ ಪದರ ಬಿರಿಯುವುದು, ಆರುವಾಗ ಎಣ್ಣೆ ಸಂದಿಯೊಳಕ್ಕೆ ಇಳಿಯುವುದು. ಅದಕ್ಕೆ ಕುದಿಯುವ ನೀರು ಸಾಕು. ತವರ–ಸೀಸದ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ, ಟಾರ್ಚಿನ ಜ್ವಾಲೆ ಸಾವಿರ ಡಿಗ್ರಿ ದಾಟುತ್ತದೆ. ಪಳಗಿದ ಕೈಯಲ್ಲದಿದ್ದರೆ ಲ್ಯಾಕರ್ ಕಪ್ಪಾಗಿ, ಪಕ್ಕದ ಕಡ್ಡಿಗಳೆಲ್ಲ ಕಳಚಿಕೊಳ್ಳುತ್ತವೆ.

ಎಣ್ಣೆ ಮತ್ತು ಕಾಲ, ಇವೆರಡನ್ನು ನಾವು ಕಡೆಗಣಿಸಿದ್ದೇವೆ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸಂದಿಗೆ ಬಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಮರುದಿನ ಮತ್ತೆ ಬಿಟ್ಟು ತಟ್ಟಬೇಕು. ಬಾಗಿನೊಳಗೆ ಬಟ್ಟೆಪಟ್ಟಿ ತೂರಿಸಿ ಎಳೆಯುವಾಗ ಎರಡು ಕಾಲುಗಳೂ ಸಮನಾಗಿ ಬರಬೇಕು. ಒಂದು ಮುಂದಾದರೆ ಇನ್ನೊಂದು ಕಚ್ಚಿಕೊಳ್ಳುತ್ತದೆ. ಅದಕ್ಕೂ ಜಗ್ಗದಿದ್ದರೆ ಬಲ್ಲ ಕೆಲಸಗಾರರು ಬಾಗಿನ ಬೆಸುಗೆಯನ್ನು ತಾವೇ ಬಿಡಿಸಿ ಎರಡು ಕೊಳವೆಗಳನ್ನೂ ಒಂಟಿ ಮಾಡುತ್ತಾರೆ. ಜೋಡಿಯಾಗಿದ್ದಾಗ ತಿರುಗದ ಕೊಳವೆ ಒಂಟಿಯಾದಾಗ ತಿರುಗುತ್ತದೆ, ತಿರುಗಿದೊಡನೆ ಕಿಲುಬಿನ ಹಿಡಿತ ಬಿಡುತ್ತದೆ. ಬಿಡಿಸಲೆಂದೇ ಒಂದು ಬೆಸುಗೆಯನ್ನು ಬಿಚ್ಚಿ ಮತ್ತೆ ಹಾಕುವ ಈ ಕ್ರಮದಲ್ಲಿ ನಿಜವಾದ ಕಸುಬುದಾರಿಕೆ ಇದೆ.

ಹುಣಸೆಹಣ್ಣಿನಲ್ಲಿ ನೆನೆಹಾಕುವುದನ್ನು ನಾನು ಒಪ್ಪುವುದಿಲ್ಲ. ಬಿಂದಿಗೆ ಬೆಳಗಿ ತೊಳೆಯಲು ಅದು ಸರಿ, ಸಂದಿಯೊಳಗೆ ನಿಂತ ಹುಳಿ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಅಮೋನಿಯಾ ಇರುವ ಪಾಲಿಶ್ ಇನ್ನೂ ಅಪಾಯ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ಉಗ್ರಾಣಗಳಲ್ಲಿದ್ದ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಸೀಳುತ್ತಿದ್ದವು. ಲಾಯದ ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಎಳೆದು ರೂಪಿಸಿದ ಲೋಹದಲ್ಲಿ ಉಳಿದ ಬಿಗಿತ, ಇವೆರಡೂ ಸೇರಿ ಹಾಗಾಗುತ್ತದೆಂದು 1921ರಲ್ಲಿ ವಿವರಿಸಲಾಯಿತು. ವಾದ್ಯದ ಕೊಳವೆಗಳೂ ಎಳೆದು, ಬಗ್ಗಿಸಿ ಮಾಡಿದವೇ.

ಇಷ್ಟೆಲ್ಲ ಹೇಳಿದ ಮೇಲೂ, ಬಿಡಿಸಲೇಬೇಕೇ ಎಂದು ಕೇಳಬೇಕಾದ ವಾದ್ಯಗಳಿವೆ. 20ನೇ ಶತಮಾನದ ಮೊದಲ ದಶಕಗಳವರೆಗೆ ಬ್ರಿಟಿಷ್ ಸೇನಾ ಬ್ಯಾಂಡುಗಳು ಸುಮಾರು 452 ಹರ್ಟ್ಸ್‌ನ ಎತ್ತರದ ಶ್ರುತಿಯಲ್ಲಿ ನುಡಿಸುತ್ತಿದ್ದವು, ಇಂದಿನ ಶ್ರುತಿ 440. ಆ ಕಾಲದ ಕಾರ್ನೆಟ್ಟಿನ ಸ್ಲೈಡು ಎಲ್ಲಿ ನಿಂತಿದೆ ಎಂಬುದೂ ಒಂದು ದಾಖಲೆಯೇ. ಕಷ್ಟಪಟ್ಟು ಬಿಡಿಸಿದರೂ ಅದು ಇಂದಿನ ತಂಡದ ಜೊತೆ ಶ್ರುತಿ ಸೇರುವ ಭರವಸೆಯಿಲ್ಲ. ಅಂಥದ್ದನ್ನು ಅಳತೆ ಬರೆದು, ಫೋಟೋ ತೆಗೆದು, ಹಾಗೆಯೇ ಇಡುವುದು ಮೇಲು.

ದುಡಿಯುವ ವಾದ್ಯಗಳಿಗೆ ಈ ಸಂಕೋಚ ಬೇಡ. ಪ್ರತಿ ಬ್ಯಾಂಡ್‌ಸೆಟ್ಟಿನ ಪೆಟ್ಟಿಗೆಯಲ್ಲೂ ಒಂದು ಪುಲ್ಲರ್, ಒಂದು ಶೀಶೆ ವಾಲ್ವ್ ಎಣ್ಣೆ, ಒಂದು ಡಬ್ಬಿ ಸ್ಲೈಡ್ ಗ್ರೀಸು ಇರಲಿ. ಸೀಸನ್ ಮುಗಿದು ವಾದ್ಯ ಅಟ್ಟಕ್ಕೆ ಹೋಗುವ ಮೊದಲು ಪ್ರತಿಯೊಂದು ಸ್ಲೈಡನ್ನೂ ಎಳೆದು, ಒರೆಸಿ, ಗ್ರೀಸು ಸವರಿ, ಮೌತ್‌ಪೀಸನ್ನು ಬೇರೆ ತೆಗೆದಿಡಿ.