ಸ್ಟಿಕ್ಕರ್ ಬೇಡ, ತಕ್ಕಡಿ ತನ್ನಿ

ಭಾನುವಾರ ಬೆಳಿಗ್ಗೆ ಏಳಕ್ಕೆ ಕೆಂಗೇರಿ ಕಡೆಯಿಂದ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಹೋಗಿ ನೋಡಿ: ಎಷ್ಟೋ ಸೈಟು ಖಾಲಿ, ರಸ್ತೆ ಮಾತ್ರ ಅಗಲ. ರಿಮೋಟಿನಲ್ಲಿ ಓಡಿಸುವ ಆರ್‌ಸಿ ಕಾರಿನ ಹುಚ್ಚು ಹತ್ತಿದವರಿಗೆ ಇನ್ನೇನು ಬೇಕು? ಕಳೆದ ವಾರ ಬಸವೇಶ್ವರನಗರದ ಹುಡುಗನೊಬ್ಬ ಅಲ್ಲಿಗೆ ಹೊಸ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತಂದಿದ್ದ. ಮೈಮೇಲೆ ದಪ್ಪಕ್ಷರದಲ್ಲಿ ‘100ಸಿ’. ಕಾರು ನಾಲ್ಕು ಸುತ್ತು ಬಾಣದಂತೆ ಓಡಿ ಐದನೆಯದಕ್ಕೆ ಏದುಸಿರು ಬಿಟ್ಟಿತು. ಬ್ಯಾಟರಿ ಮುಟ್ಟಿದರೆ ಇಡ್ಲಿ ಪಾತ್ರೆ! “ಅಂಕಲ್, ಮೋಟರ್ ಹೋಯ್ತಾ?” ಅಂದ. ಮೋಟರಿಗೇನೂ ಆಗಿರಲಿಲ್ಲ.

‘ಸಿ’ ಅಂದರೆ ಬ್ಯಾಟರಿ ಎಷ್ಟು ಜೋರಾಗಿ ಕರೆಂಟು ಕೊಡಬಲ್ಲದು ಎಂಬ ಲೆಕ್ಕ. 5000 ಎಂಎಎಚ್ ಬ್ಯಾಟರಿಗೆ 100ಸಿ ಅಂದರೆ 500 ಆಂಪ್. ನಿಜವಾಗಿ ಹಾಗೆ ಕೊಟ್ಟರೆ 36 ಸೆಕೆಂಡಿಗೆ ಖಾಲಿ. ಮದುವೆ ಮಾತುಕತೆಯಲ್ಲಿ ಹೇಳುವ ಸಂಬಳದಂತೆ ಈ ಅಂಕಿ. ಅರ್ಧಕ್ಕೆ ಇಳಿಸಿ ಕೇಳಿಸಿಕೊಳ್ಳುವುದು ಕ್ಷೇಮ.

ನಾನು ನಂಬುವುದು ಅಡುಗೆಮನೆಯ ತಕ್ಕಡಿಯನ್ನು, ಆಮೇಲೆ ಒಳ್ಳೆಯ ಚಾರ್ಜರ್ ತೋರಿಸುವ ಒಳರೋಧವನ್ನು. ಜೋರಾಗಿ ಕರೆಂಟು ಕೊಡುವ ಸೆಲ್ಲಿನೊಳಗೆ ತಾಮ್ರ, ಅಲ್ಯೂಮಿನಿಯಂ ಹಾಳೆಗಳು ಹೆಚ್ಚಿರಬೇಕು, ತೂಕ ಬರಲೇಬೇಕು. ಒಂದೇ ಸಾಮರ್ಥ್ಯದ ಎರಡರಲ್ಲಿ ಹಗುರಾದದ್ದು ದೊಡ್ಡ ಸಿ ಬರೆದುಕೊಂಡಿದ್ದರೆ ಅನುಮಾನಪಡಿ. ಇನ್ನು ಒಳರೋಧ: ಸೆಲ್ಲಿಗೆ 3 ಮಿಲಿಓಂ ಇದ್ದರೆ ಮೂರು ಸೆಲ್ಲಿಗೆ 9, 100 ಆಂಪ್ ಎಳೆದಾಗ 0.9 ವೋಲ್ಟ್ ಒಳಗೇ ಹೋಗಿ 90 ವ್ಯಾಟ್ ಬಿಸಿಯಾಗುತ್ತದೆ. ಹುಡುಗನ ಬ್ಯಾಟರಿ ಸೆಲ್ಲಿಗೆ 9 ತೋರಿಸಿತು. ಅಂದರೆ ಅದೇ ಲೆಕ್ಕಕ್ಕೆ 270 ವ್ಯಾಟ್, ಅಂಗೈಯಗಲದ ಡಬ್ಬಿಯೊಳಗೆ. ಇಂಥದ್ದು ಊದಿ ಪೂರಿಯಾಗಲು ಬಹಳ ದಿನ ಬೇಡ. ಊದಿದ ಮೇಲೆ ಚಾರ್ಜಿಗೆ ಹಾಕುವ ಮಾತೇ ಇಲ್ಲ.

ಬ್ಯಾಟರಿಗೆ ಸಾವಿರಾರು ಸುರಿದವರೂ ತಂತಿಯಲ್ಲಿ ಜಿಪುಣರು. ನಾನೂ ಮೊದಲು ಮನೆ ವೈರಿಂಗಿನಲ್ಲಿ ಉಳಿದಿದ್ದ 1.5 ಚದರ ಮಿಲಿಮೀಟರ್ ತಂತಿ ಹಾಕಿ ಬೀಗಿದವನೇ. ಮಾಡಿದ್ದುಣ್ಣೋ ಮಹರಾಯ! ಪಿವಿಸಿ ಹೊದಿಕೆ ಕರಗಿ ಜಾರಿತು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಸಿಲಿಕೋನ್ ಹೊದಿಕೆಯ ತಂತಿ ಕೇಳಿ. ಅದು 200 ಡಿಗ್ರಿವರೆಗೆ ತಾಳುತ್ತದೆ, ಸಣ್ಣ ಎಳೆಗಳಿರುವುದರಿಂದ ಹುರಿಹಗ್ಗದಂತೆ ಬಾಗುತ್ತದೆ. ಹೋಗಿಬರುವ ದಾರಿ ಸೇರಿ 60 ಸೆಂಟಿಮೀಟರ್ ತಂತಿಗೆ 100 ಆಂಪ್ ಹರಿಸಿದರೆ 16 ಗೇಜಿನಲ್ಲಿ ಸುಮಾರು 80 ವ್ಯಾಟ್ ನಷ್ಟ, 12ರಲ್ಲಿ 31, 10ರಲ್ಲಿ 20. ಗೇಜಿನ ಅಂಕಿ ಇಳಿದಷ್ಟೂ ತಂತಿ ದಪ್ಪ, ನೆನಪಿರಲಿ.

ತಂತಿ ಉದ್ದ ಮಾಡಲೇಬೇಕಾದರೆ ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಯಿಂದ ಮೋಟರಿನ ಕಡೆಗೆ ಮಾಡಿ. ಬ್ಯಾಟರಿ ಕಡೆ ಉದ್ದವಾದಷ್ಟೂ ಇಎಸ್‌ಸಿಯ ಕೆಪಾಸಿಟರುಗಳಿಗೆ ಪೆಟ್ಟು. ಎಕ್ಸ್‌ಟಿ60 ಕನೆಕ್ಟರ್ 60 ಆಂಪಿಗೆ ಮಾಡಿದ್ದು. ದೊಡ್ಡ ಕಾರಿಗೆ ಎಕ್ಸ್‌ಟಿ90 ಹಾಕಿ. ಬೆಸುಗೆಗೆ 25 ವ್ಯಾಟಿನ ಕಡ್ಡಿ ಸಾಲದು, 60 ಇರಲಿ. ಹಳೇ ಕನೆಕ್ಟರ್ ತೆಗೆಯುವಾಗ ಒಂದು ತಂತಿ ಕತ್ತರಿಸಿ, ಅದಕ್ಕೆ ಟೇಪು ಸುತ್ತಿ, ಆಮೇಲೆ ಇನ್ನೊಂದಕ್ಕೆ ಕೈಹಾಕಿ. ಎರಡನ್ನೂ ಒಟ್ಟಿಗೆ ಹಿಡಿದು ಶಾರ್ಟ್ ಆದ ನನ್ನ ಕಟರಿನ ಬಾಯಲ್ಲಿ ಅರ್ಧಚಂದ್ರಾಕಾರದ ಕಚ್ಚು ಇವತ್ತಿಗೂ ಇದೆ.