ಗುಬ್ಬರಿ ಏನನ್ನು ಜಿಣಕಿತು? ಇಂಗ್ಲಿಷ್ ಪರೀಕ್ಷೆಯ ಓದು ಮತ್ತು ಕುಂಕಳ್ಳಿಯ ಒಂದು ಪ್ಯಾಸೇಜು

ಕನ್ನಡದ ಸೆಮಿನಾರಿನಲ್ಲಿ ಇಂಗ್ಲಿಷ್ ಪರೀಕ್ಷೆಯ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನನ್ನ ಮಟ್ಟಿಗೆ ಇದು ವಿಮರ್ಶೆಯದೇ ಪ್ರಶ್ನೆ. ‘ಈ ಭಾಗವನ್ನು ಓದಿ, ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ’ ಅಂದಾಗ ನಾವು ಮಕ್ಕಳಿಗೆ ಏನು ಮಾಡೋಕೆ ಹೇಳ್ತಿದ್ದೇವೆ?

ಸಂದರ್ಭ ಕುಂಕಳ್ಳಿಯದು. ದಕ್ಷಿಣ ಗೋವಾದ ಸಾಲ್ಸೆಟ್ ತಾಲೂಕಿನ ಊರು, ಪಕ್ಕದಲ್ಲೇ ಕೈಗಾರಿಕಾ ವಸಾಹತು. ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳ ಕೆಲವು ಮಕ್ಕಳಿಗೆ ನಾನು ಭಾನುವಾರ ಹತ್ತನೇ ತರಗತಿಯ ಇಂಗ್ಲಿಷ್ ಪುನರಾವರ್ತನೆ ಮಾಡಿಸ್ತೀನಿ. ಇವರ ಮನೆಮಾತು ಕನ್ನಡ, ಪ್ರಾಥಮಿಕ ಶಾಲೆ ಮರಾಠಿಯಲ್ಲೋ ಕೊಂಕಣಿಯಲ್ಲೋ, ಅಂದ್ರೆ ದೇವನಾಗರಿಯಲ್ಲಿ, ಐದರಿಂದ ಇಂಗ್ಲಿಷ್. ಕನ್ನಡ ಅವರ ಕಿವಿಯಲ್ಲಿದೆ, ಕಣ್ಣಿಗೆ ಬಂದಿಲ್ಲ. ಹಾಗಾಗಿ ಈ ಪತ್ರಿಕೆಯಲ್ಲಿ ಪಾಸಾಗೋದು, ಫೇಲಾಗೋದು ಅಂದ್ರೆ ಹನ್ನೊಂದನೇ ತರಗತಿಯೋ, ಅಪ್ಪನ ಜೊತೆ ಗೇಟಿನೊಳಗೆ ಹೋಗೋದೋ ಅನ್ನೋ ಲೆಕ್ಕ.

ಗೈಡುಗಳು ಕೊಡುವ ಸಲಹೆ ನಮಗೆಲ್ಲ ಗೊತ್ತಿರೋದೇ. ಮೊದಲು ಪ್ರಶ್ನೆ ಓದು, ಆಮೇಲೆ ಪ್ಯಾಸೇಜು. ಹೆಸರು, ಇಸವಿಗಳ ಕೆಳಗೆ ಗೆರೆ ಎಳಿ. ಪ್ರಶ್ನೆಯಲ್ಲಿರುವ ಪದ ಎಲ್ಲಿದೆಯೋ ಆ ವಾಕ್ಯ ಎತ್ತಿ ಬರೆ. ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ನೋಡಿ: ‘ಗುಬ್ಬರಿಯು ತೊಪಳೆಯನ್ನು ಜಿಣಕಿತು.’ ಗುಬ್ಬರಿ ಏನನ್ನು ಜಿಣಕಿತು? ತೊಪಳೆಯನ್ನು. ಪೂರ್ತಿ ಅಂಕ. ಗುಬ್ಬರಿ ಹಕ್ಕಿಯೋ ಮನುಷ್ಯನೋ ನಮಗ್ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ಆ ಪದಗಳನ್ನು ನಾನೇ ನಿನ್ನೆ ರಾತ್ರಿ ಹುಟ್ಟಿಸಿದ್ದು.

ಇದನ್ನು ಗೇಲಿ ಮಾಡೋದು ಸುಲಭ. ಆದರೆ ಅಂಕ ಬೇಕಾದ ಮಗುವಿಗೆ ಈ ಉಪಾಯ ಬೇಕು, ನಾನೂ ಹೇಳಿಕೊಡ್ತೀನಿ. ನನ್ನ ತಕರಾರು ಇರೋದು ಉಪಾಯವನ್ನೇ ಓದು ಅಂತ ಕರೆಯೋದರ ಬಗ್ಗೆ.

ಅಭ್ಯಾಸಕ್ಕೆಂದು ನಾನೇ ಇಂಗ್ಲಿಷಿನಲ್ಲಿ ಗೈಡಿನ ಧಾಟಿಯ ಒಂದು ಪ್ಯಾಸೇಜು ಬರೆದೆ. ವಿಷಯ ಇದೇ ಊರಿನ 1583ರ ಘಟನೆ. ಚರ್ಚಿಗೆ ಜಾಗ ನೋಡಲು ಬಂದ ರುಡಾಲ್ಫ್ ಅಕ್ವಾವಿವಾ ಸೇರಿ ಐವರು ಜೆಸ್ವಿಟರನ್ನು ಇಲ್ಲಿಯವರು ಕೊಂದರು. ಆಮೇಲೆ ಪೋರ್ಚುಗೀಸರು ಊರ ಮುಖಂಡರನ್ನು ಮಾತುಕತೆಗೆಂದು ಅಸೋಳ್ಣಾ ಕೋಟೆಗೆ ಕರೆಸಿ ಕೊಂದರು. ಆ ಐವರು ಜೆಸ್ವಿಟರನ್ನು ಚರ್ಚು 1893ರಲ್ಲಿ ಪೂಜ್ಯರ ಸಾಲಿಗೆ ಸೇರಿಸಿತು. ಮುಖಂಡರಿಗೆ ಕುಂಕಳ್ಳಿಯಲ್ಲೇ ಸ್ಮಾರಕ ಇದೆ.

ಮೊದಲ ಪ್ರಶ್ನೆ ಅತಿ ಸುಲಭದ್ದು: ಘಟನೆ ಯಾವಾಗ ನಡೆಯಿತು? ಊರಿನವರು ನೆನೆಯೋದು ಜುಲೈ 15. ಚರ್ಚಿನ ಬರಹಗಳಲ್ಲಿ ಜುಲೈ 25 ಅಂತಲೂ ಇರುತ್ತೆ. ಎರಡೂ ಸರಿ. ಆಗಷ್ಟೇ ಪಂಚಾಂಗ ಬದಲಾಗುತ್ತಿತ್ತು, ಹಳೆಯ ಲೆಕ್ಕಕ್ಕೂ ಹೊಸ ಗ್ರೆಗೋರಿಯನ್ ಲೆಕ್ಕಕ್ಕೂ ಹತ್ತು ದಿನದ ವ್ಯತ್ಯಾಸ. ಒಂದು ಅಂಕದ ಪ್ರಶ್ನೆ ಕೂಡ ‘ಯಾರ ಲೆಕ್ಕದಲ್ಲಿ?’ ಅಂತ ಕೇಳಿಸಿಕೊಳ್ಳಬೇಕಾಯ್ತು.

ಇದಕ್ಕಿಂತ ಮುಖ್ಯವಾದದ್ದು ಕ್ರಿಯಾಪದ. ಇಂಗ್ಲಿಷ್ ವ್ಯಾಕರಣದಲ್ಲಿ ಕರ್ತರಿಯನ್ನು ಕರ್ಮಣಿಗೆ ತಿರುಗಿಸುವ ಅಭ್ಯಾಸ ಇವರಿಗೆ ಬಾಯಿಪಾಠ. ನನ್ನ ಪ್ಯಾಸೇಜಿನಲ್ಲಿ ಬೇಕೆಂದೇ ಎರಡು ಕೊಲೆಗಳನ್ನು ಎರಡು ರೀತಿ ಬರೆದಿದ್ದೆ: ಹಳ್ಳಿಗರು ಪಾದ್ರಿಗಳನ್ನು ಕೊಂದರು, ಮುಖಂಡರು ಕೋಟೆಯಲ್ಲಿ ಕೊಲ್ಲಲ್ಪಟ್ಟರು. ಇಂಗ್ಲಿಷಿನಲ್ಲಿ ಉತ್ತರಿಸಿದವರಲ್ಲಿ ಯಾರಿಗೂ ಇದು ತಟ್ಟಲಿಲ್ಲ, ಎಲ್ಲ ಉತ್ತರವೂ ಸರಿ ಇದ್ದವು. ಆಮೇಲೆ ಹಾಳೆ ಮಗುಚಿ, ಮನೆಯಲ್ಲಿ ಅವ್ವಗೆ ಹೇಳೋ ಹಾಗೆ ಕನ್ನಡದಲ್ಲಿ ಹೇಳಿ ಅಂದೆ. ಒಬ್ಬಳು ಶುರು ಮಾಡಿದಳು: ‘ಆಮ್ಯಾಗ ಅವರನ್ನ ಕೋಟ್ಯಾಗ ಕರದು ಕೊಂದ್ರು.’ ಪಕ್ಕದವನು ತಕ್ಷಣ, ‘ಯಾರ್ ಕೊಂದ್ರು?’

‘ಕೊಲ್ಲಲ್ಪಟ್ಟರು’ ಅನ್ನೋದು ಪುಸ್ತಕದ ಕನ್ನಡ, ಮನೆಯ ನಾಲಿಗೆ ಮೇಲೆ ಬರೋದೇ ಇಲ್ಲ. ಬರೋದು ‘ಕೊಂದ್ರು’. ಆ ಕೊನೆಯ ‘ರು’ ಮಾಡಿದವರ ಹೆಸರು ಹೇಳಲ್ಲ, ಆದರೆ ಮಾಡಿದವರು ಇದ್ದಾರೆ ಅಂತ ಹೇಳುತ್ತೆ. ಇಂಗ್ಲಿಷ್ ವಾಕ್ಯ ಸದ್ದಿಲ್ಲದೆ ಮುಚ್ಚಿಟ್ಟ ಜಾಗವನ್ನು ಅಕ್ಷರ ಬಾರದ ಮನೆಮಾತು ತೆರೆದು ತೋರಿಸಿತು. ವಿಧಿವತ್ತಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರು ಈ ನಾಡಿನವರು ಅಂತ ಕವಿರಾಜಮಾರ್ಗ ಹೇಳಿದ್ದನ್ನು ನಾವು ಹೆಮ್ಮೆಗೆ ಮಾತ್ರ ಬಳಸ್ತೀವಿ. ಅದನ್ನು ಓದುವಿಕೆಯ ಬಗೆಗಿನ ಮಾತಾಗಿಯೂ ತಗೋಬಹುದು ಅಂತ ನನಗೆ ಅನ್ನಿಸಿದ್ದು ಅವತ್ತು.

ಐ. ಎ. ರಿಚರ್ಡ್ಸ್ ಕೇಂಬ್ರಿಡ್ಜಿನಲ್ಲಿ ಕವಿಯ ಹೆಸರು ತೆಗೆದು ಪದ್ಯಗಳನ್ನು ವಿದ್ಯಾರ್ಥಿಗಳ ಕೈಗಿತ್ತ ಪ್ರಯೋಗ, 1929ರ ಅವರ ಪುಸ್ತಕ, ಎಲ್ಲ ನಮ್ಮ ಸಿಲಬಸ್ಸಿನಲ್ಲೇ ಇದೆ. ಪರೀಕ್ಷೆಯ ಅಪರಿಚಿತ ಪ್ಯಾಸೇಜೂ ಮೇಲ್ನೋಟಕ್ಕೆ ಅಂಥದ್ದೇ: ಬರೆದವರಿಲ್ಲ, ಕಾಲವಿಲ್ಲ. ಆದರೆ ರಿಚರ್ಡ್ಸ್‌ಗೆ ಬೇಕಿದ್ದದ್ದು ಓದುಗರು ಎಲ್ಲಿ ಎಡವುತ್ತಾರೆ ಅನ್ನೋದು. ಇಲ್ಲಿ ಎಡವಿದವರಿಗೆ ಸೊನ್ನೆ.

ಬರವಣಿಗೆಯ ವಿಭಾಗದ ಬಗ್ಗೆ ಚುಟುಕಾಗಿ. ಪತ್ರಕ್ಕೆ ವಿಳಾಸ, ದಿನಾಂಕ, ಸಂಬೋಧನೆ. ವರದಿಗೆ ಶೀರ್ಷಿಕೆ, ಸ್ಥಳ. ಚೌಕಟ್ಟಿಗೆ ಅಂಕ ಇದೆ, ಕಲೀಲಿ. ಆ ಹುಡುಗಿ ಇದೇ ಘಟನೆಯನ್ನು ಇಂಗ್ಲಿಷಿನಲ್ಲಿ ವರದಿಯಾಗಿ ಬರೆದಳು. ಕಾಗುಣಿತ ನಾಲ್ಕು ಕಡೆ ತಪ್ಪು. ಆದರೆ ಎರಡನೇ ಕೊಲೆಯ ವಾಕ್ಯವನ್ನು ಕರ್ತರಿಗೆ ತಿರುಗಿಸಿ, ಮೊದಲ ಪದವಾಗಿ ‘ಪೋರ್ಚುಗೀಸರು’ ಅಂತ ಇಟ್ಟಿದ್ದಳು. ದಿನಾಂಕದ ಜಾಗದಲ್ಲಿ ಎರಡೂ ತಾರೀಕು ಬರೆದು ನಡುವೆ ಒಂದು ಓರೆಗೆರೆ. ಮಾದರಿ ಉತ್ತರದ ಪ್ರಕಾರ ಅದಕ್ಕೆ ಅಂಕ ಕಳೀಬೇಕು. ಮೌಲ್ಯಮಾಪನ ಮಾಡಿದ ಅನುಭವ ಇರೋ ಮೇಷ್ಟ್ರುಗಳು ಇಲ್ಲಿದ್ದೀರಿ, ನೀವಾದ್ರೆ ಎಷ್ಟು ಕೊಡ್ತಿದ್ರಿ?