ಮರದ ಕಾಲ, ಕಾದಂಬರಿಯ ಅವಸರ

ಕಾದಂಬರಿ ಮನುಷ್ಯನ ಆಯುಸ್ಸಿನ ಅಳತೆಗೆ ಹೊಲಿದ ಅಂಗಿ. ಎರಡು ತಲೆಮಾರಿನ ಹುಟ್ಟು, ಮದುವೆ, ಆಸ್ತಿಜಗಳ, ಸಾವು ಅದರಲ್ಲಿ ಸಲೀಸಾಗಿ ಹಿಡಿಸುತ್ತವೆ. ನೂರಾರು ವರ್ಷ ಒಂದೇ ಕಡೆ ನಿಂತ ಮರ ಹಿಡಿಸುವುದಿಲ್ಲ. ಇಂಗ್ಲಿಷಿನಲ್ಲಿ ಈಚೆಗೆ ಸಾಲಾಗಿ ಬರುತ್ತಿರುವ ಮರದ ಕಾದಂಬರಿಗಳು ಈ ತೊಡಕಿಗೆ ಕಂಡುಕೊಂಡ ಉಪಾಯ ಬಹುಮಟ್ಟಿಗೆ ಒಂದೇ: ಮರವನ್ನು ಅಜ್ಜನನ್ನಾಗಿಯೋ ಸಾಕ್ಷಿಯನ್ನಾಗಿಯೋ ಮಾಡಿಬಿಡುವುದು. ಅಜ್ಜನ ಮಾದರಿ ಟೋಲ್ಕಿನ್‌ನ ‘ದಿ ಟೂ ಟವರ್ಸ್’ (1954) ಕೃತಿಯ ಟ್ರೀಬಿಯರ್ಡ್. ಮೆಲ್ಲಗೆ ಮಾತಾಡುವ, ಅವಸರವೆಂದರೆ ಆಗದ ಹಿರಿಯ. ಸಾಕ್ಷಿಯ ಮಾದರಿ ಎಲಿಫ್ ಶಫಾಕ್‌ರ ‘ದಿ ಐಲ್ಯಾಂಡ್ ಆಫ್ ಮಿಸ್ಸಿಂಗ್ ಟ್ರೀಸ್’ (2021); ಅಲ್ಲಿ ಸೈಪ್ರಸ್ಸಿನ ಕಲಹದ ಕಥೆಯ ಒಂದು ಭಾಗವನ್ನು ಅಂಜೂರದ ಮರವೇ ಹೇಳುತ್ತದೆ.

ಈ ಹಿರಿತನ ಮರದ ಸ್ವಭಾವಕ್ಕೇ ಒಗ್ಗುವುದಿಲ್ಲ. ದೊಡ್ಡ ಮರದ ನಡುವಿನ ಚೇಗು ಸತ್ತ ಕಟ್ಟಿಗೆ. ಕಾಂಡವನ್ನು ದಪ್ಪವಾಗಿಸುವ ಜೀವ ಇರುವುದು ತೊಗಟೆಯೊಳಗಿನ ತೆಳುಪದರದಲ್ಲಿ. ಶತಮಾನ ಕಂಡ ಮರದ ಚಿಗುರೂ ಈ ವರ್ಷದ್ದೇ. ಮುಪ್ಪೂ ಎಳೆತನವೂ ಒಟ್ಟಿಗೇ ನಡೆಯುವ ಬಾಳನ್ನು ಗಡ್ಡ ಅಂಟಿಸಿ ತೋರಿಸಲಾಗದು.

ರಿಚರ್ಡ್ ಪವರ್ಸ್‌ನ ‘ದಿ ಓವರ್‌ಸ್ಟೋರಿ’ (2018) ಈ ಪರಂಪರೆಯ ಅತಿ ಹೆಸರಾದ ಕೃತಿ. 2019ರಲ್ಲಿ ಪುಲಿಟ್ಜರ್ ಪಡೆಯಿತು. ಅದರ ಆರಂಭದಲ್ಲಿ ಅಯೋವಾದ ಹೊಲವೊಂದರ ಚೆಸ್ಟ್‌ನಟ್ ಮರವಿದೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗ ಅಮೆರಿಕದ ಪೂರ್ವದ ಕಾಡುಗಳಲ್ಲಿ ಈ ಜಾತಿಯ ನೂರಾರು ಕೋಟಿ ಮರಗಳನ್ನು ಕೊಂದಿತು. ತವರಿನಿಂದ ದೂರವಿದ್ದದ್ದರಿಂದ ಈ ಮರ ಬಚಾವಾಗುತ್ತದೆ. ಆ ಹೊಲದ ಹೋಯಲ್ ಮನೆತನದವರು ತಿಂಗಳಿಗೊಂದರಂತೆ, ತಲೆಮಾರು ದಾಟಿ, ಅದರ ಫೋಟೊ ತೆಗೆಯುತ್ತಾರೆ. ಫೋಟೊಗಳ ಕಟ್ಟನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಮರ ಕಣ್ಣೆದುರೇ ಮೇಲೇಳುತ್ತದೆ. ಮನೆಯ ಹೆರಿಗೆ, ದುಡಿಮೆ, ಸಾವು ಒಂದೂ ಚೌಕಟ್ಟಿನೊಳಗಿಲ್ಲ. ಕಾದಂಬರಿ ತನ್ನ ಕಸುಬಿನ ಸರಕನ್ನೇ ಹೊರಗಿಟ್ಟು ನೋಡುವ ಧೈರ್ಯ ಇಲ್ಲಿದೆ. ಆದರೆ ಮರದ ನಿಧಾನ ಕಣ್ಣಿಗೆ ಬಿದ್ದದ್ದು ಅದನ್ನು ಸಿನಿಮಾದ ವೇಗಕ್ಕೆ ಓಡಿಸಿದಾಗ ಮಾತ್ರ. ಆ ಅಧ್ಯಾಯಕ್ಕೆ ಈ ವ್ಯಂಗ್ಯ ತಿಳಿದಿದೆ, ಮುಂದಿನ ಪುಟಗಳಿಗೆ ಮರೆತುಹೋಗಿದೆ. ಕಾಡು ಉಳಿಸುವ ಹೋರಾಟ, ಬೆಂಕಿ, ಬಂಧನಗಳ ಭರಾಟೆಯಲ್ಲಿ ಮರಗಳು ಹಿನ್ನೆಲೆಗೆ ಸರಿಯುತ್ತವೆ. ಮಾತಾಡುವ ಸರದಿ ಬಂದಾಗ ಉಪದೇಶ ಮಾಡುತ್ತವೆ.

ಕೆನಡಾದ ಮೈಕಲ್ ಕ್ರಿಸ್ಟಿಯ ‘ಗ್ರೀನ್‌ವುಡ್’ (2019) ಮಾತಿನ ಬದಲು ರಚನೆಯನ್ನು ನಂಬುತ್ತದೆ. ಮರದ ಅಡ್ಡಸೀಳಿನ ಉಂಗುರಗಳಂತೆ ಕಥೆ 2038ರಿಂದ ಒಳಕ್ಕೆ 1908ರವರೆಗೆ ಹೋಗಿ ಮರಳಿ ಹೊರಬರುತ್ತದೆ. ಜಾಣ ಯೋಜನೆಯೇ ಸರಿ. ಆದರೆ ಇದು ಚಳಿನಾಡಿನ ಮರದ ಲೆಕ್ಕ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಎಷ್ಟೋ ಮರಗಳಲ್ಲಿ ವರ್ಷಕ್ಕೊಂದು ಎಂಬಂಥ ಸ್ಪಷ್ಟ ಉಂಗುರ ಮೂಡುವುದೇ ಇಲ್ಲ. ಎಲೆ ಉದುರಿಸುವ ತೇಗದಂಥವುಗಳ ಮಾತು ಬೇರೆ. ಕೆನಡಾದ ಕಾದಂಬರಿಗೆ ಸಹಜವಾದ ಆಕಾರವನ್ನು ಎಲ್ಲ ಮರಗಳ ಕಾಲವೆಂದು ಹೊಗಳುವ ವಿಮರ್ಶೆ ಮರವನ್ನು ನೋಡಿಲ್ಲ.

ಈ ಸಾಲಿನಿಂದ ಪಕ್ಕಕ್ಕೆ ನಿಲ್ಲುವುದು ಅರ್ಸುಲಾ ಲೆ ಗ್ವಿನ್‌ರ 1973ರ ಸಣ್ಣಕಥೆ ‘ಡೈರೆಕ್ಷನ್ ಆಫ್ ದಿ ರೋಡ್’. ರಸ್ತೆಬದಿಯ ಓಕ್ ಮರವೇ ನಿರೂಪಕ. ಹತ್ತಿರ ಬರುವವರಿಗೆ ಮರ ದೊಡ್ಡದಾಗುತ್ತ, ದಾಟಿದವರಿಗೆ ಚಿಕ್ಕದಾಗುತ್ತ ಕಾಣುತ್ತದಲ್ಲ, ಇಲ್ಲಿ ಅದು ಮರದ ಉದ್ಯೋಗ. ಕುದುರೆಗಳ ಕಾಲದಲ್ಲಿ ಕೆಲಸ ಹಗುರವಿತ್ತು. ಕಾರುಗಳು ಬಂದ ಮೇಲೆ ಎರಡೂ ದಿಕ್ಕಿನವರಿಗಾಗಿ ಏಕಕಾಲಕ್ಕೆ ಹಿಗ್ಗಿ ಕುಗ್ಗಬೇಕು, ರಾತ್ರಿಯೂ ಬಿಡುವಿಲ್ಲ. ಕೊನೆಗೊಬ್ಬ ಗುದ್ದಿ ಸಾಯುತ್ತಾನೆ. ಸಾಯುವ ಕ್ಷಣದಲ್ಲಿ ಮರವನ್ನು ಶಾಶ್ವತವೆಂದು ಕಾಣುತ್ತಾನೆ. ಮರಕ್ಕೆ ಸಿಟ್ಟು ಬರುತ್ತದೆ. ತಾನೂ ಒಂದು ದಿನ ಸಾಯುವ ಜೀವ, ತನ್ನ ಮೇಲೆ ಈ ಅನಂತತೆ ಹೊರಿಸಿದ್ದು ಅನ್ಯಾಯ ಎಂಬುದು ಅದರ ತಕರಾರು. ಇಲ್ಲಿ ಮರವೂ ಮಾತಾಡುತ್ತದೆ ನಿಜ, ಆದರೆ ನಾವು ಕೊಡುವ ಪೂಜ್ಯಸ್ಥಾನವನ್ನು ಒಲ್ಲೆನೆನ್ನಲು ಮಾತಾಡುತ್ತದೆ.

ಮಾತೇ ಆಡದ ಮರ ನೆರೆಯ ತಮಿಳಿನಲ್ಲಿದೆ. ಸುಂದರ ರಾಮಸ್ವಾಮಿಯವರ ‘ಒರು ಪುಳಿಯಮರತ್ತಿನ್ ಕದೈ’ (1966) ಕಾದಂಬರಿಯ ಹುಣಸೆಮರ ಏನನ್ನೂ ಮಾಡುವುದಿಲ್ಲ. ರಾಜರ ಕಾಲ ಹೋಗಿ ಪುರಸಭೆ ಚುನಾವಣೆಯ ಕಾಲ ಬರುತ್ತದೆ, ಸುತ್ತ ಅಂಗಡಿಗಳು ಏಳುತ್ತವೆ, ದಾಮೋದರ ಆಶಾನ್ ಅದರ ಕಥೆ ಹೇಳುತ್ತಾನೆ, ಊರಿನ ರಾಜಕೀಯ ಅದನ್ನು ಬಲಿ ತೆಗೆದುಕೊಳ್ಳುತ್ತದೆ. ಮರದ ಕಾಲವಿಲ್ಲಿ ಗುಟ್ಟಿನ ಜ್ಞಾನವಲ್ಲ. ಪೇಟೆಯ ಅವಸರಕ್ಕೆ ಅಡ್ಡ ಬಂದ ನಿಲುಗಡೆ.

ಕನ್ನಡದಲ್ಲಿ ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಮರದ ಕಾದಂಬರಿಯೆಂದು ಹೆಸರಾದದ್ದಲ್ಲ. ಆದರೂ ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ಅಡಿಕೆ ತೋಟ ಎಬ್ಬಿಸುವ ಮುದುಕ ಗೋಪಾಲಯ್ಯನಷ್ಟು ಮರದ ಕಾಲವನ್ನು ಬಲ್ಲ ಪಾತ್ರ ಪವರ್ಸ್‌ನಲ್ಲೂ ವಿರಳ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಮಗ ಮನೆ ಬಿಟ್ಟು ಹೋಗಿದ್ದಾನೆ, ತೋಟ ನೋಡಿಕೊಳ್ಳುವ ನಾರಾಯಣನಿಗೆ ತನ್ನ ದುಡಿಮೆ ನಾಳೆ ಯಾರ ಪಾಲಾದೀತೆಂಬ ಅಳುಕು. ಕಾಯುವಿಕೆ, ಹಕ್ಕು, ಕೈತಪ್ಪುವ ಭಯ ಇವೆಲ್ಲ ಗಿಡದ ಬುಡಕ್ಕೇ ಅಂಟಿಕೊಂಡಿವೆ.

ಇಂಗ್ಲಿಷಿನ ಈ ಕಾದಂಬರಿಗಳು ಸಾವಿರಾರು ಓದುಗರನ್ನು ಮರದತ್ತ ತಿರುಗಿಸಿವೆ. ಆ ಶ್ರೇಯಸ್ಸು ಅವಕ್ಕೆ ಸಲ್ಲಬೇಕು. ಅವು ಎಡವುವುದು ಮರದ ಮನಸ್ಸನ್ನು ಹೊಕ್ಕೆವೆಂದು ನಂಬಿಸಲು ಹೊರಟಾಗ. ಅದು ಕಾದಂಬರಿಯ ಕೈಗೆಟುಕದ ಕೆಲಸ. ನೆಟ್ಟವರು ಯಾರು, ಕಾದವರು ಯಾರು, ಕಡಿಸಿದವರು ಯಾರು, ಲಾಭ ಯಾರ ಮನೆ ಸೇರಿತು ಎಂದು ಕೇಳುವುದು ಅದರ ಕೈಲಾಗುವ ಕೆಲಸ. ಹಾಗೆ ಕೇಳಿದ ಕೃತಿಗಳಲ್ಲೇ ಮರ ತನ್ನ ವೇಗದಲ್ಲಿ ಬೆಳೆದಿದೆ.